ಅಮ್ಮೆಯ ಡೈರಿ

ನಾಲ್ಕನೇ ಕ್ಲಾಸಿನಲ್ಲಿ ಪ್ರಬಂಧ ಬರೆದಿದ್ದೆ:
"ನನ್ನ ಅಮ್ಮೆ ಬೆಳಿಗ್ಗೆ ಬೂತಾಯಿ ಕೊಯ್ದು ತೊಳೆದಿಡುತ್ತಾರೆ,
ಮತ್ತೆ ಕೈಗೆ ಹುಣಸೆಹುಳಿ ತಿಕ್ಕಿ
ನಮ್ಮಿಬ್ಬರ ಜಡೆ ಹೆಣೆಯುತ್ತಾರೆ."
ಘಟ್ಟದ ಮೇಲಿನಿಂದ ಬಂದ ಟೀಚರು
ಕೆಂಪು ಶಾಯಿಯಲ್ಲಿ ತಿದ್ದಿದರು: ಅಮ್ಮ.
ಪಕ್ಕದಲ್ಲಿ, ಉತ್ತಮ.
ತುಳುವಿನಲ್ಲಿ ಅಮ್ಮೆ ಅಂದರೆ ಅಪ್ಪ ಎಂದು
ಹೇಳಲು ನನಗೆ ಬಾಯಿ ಬರಲಿಲ್ಲ.
ಅವರು ಪುಸ್ತಕ ನೋಡಿ ನಕ್ಕರು:
"ಇರಲಿ ಬಿಡು, ಮಾರ್ಕು ಬಂತಲ್ಲ."

ಜಾರಪ್ಪ ಗಟ್ಟಿ.
ಸ್ಟೇಟ್‌ಬ್ಯಾಂಕ್–ತಲಪಾಡಿ ಬಸ್ಸಿನ ಕಂಡಕ್ಟರ್, ಇಪ್ಪತ್ತೊಂಬತ್ತು ವರ್ಷ.
ನೇತ್ರಾವತಿ ಸಂಕ ದಿನಕ್ಕೆ ಹನ್ನೆರಡು ಸಲ ದಾಟಿದರೂ
ನೀರು ನೋಡಿದವರಲ್ಲ;
ಚಿಲ್ಲರೆ ಎಣಿಸುವ ಜಾಗ ಅದು.
ಡ್ಯೂಟಿ ಮುಗಿದರೆ ಖಾಕಿಯಲ್ಲೇ ವೆನ್ಲಾಕಿಗೆ ನಡಿಗೆ.
ಕೊಪ್ಪಳದಿಂದ, ಹಾವೇರಿಯಿಂದ ಬಂದು
ಡಾಕ್ಟರ ಚೀಟಿ ಹಿಡಿದು ಗೋಡೆಗೆ ಒರಗಿದವರ ಪಕ್ಕ ನಿಂತು
ಟಿಕೇಟು ಕೇಳುವ ದನಿಯಲ್ಲೇ ಕೇಳುವರು:
"ಯಾವ ಗ್ರೂಪು? ಎಷ್ಟು ಬಾಟ್ಲಿ?"

ಅಪ್ಪೆಗೆ (ಅಂದರೆ ಅಮ್ಮನಿಗೆ, ಟೀಚರೇ)
ಇದು ಎಂದೂ ಹಿಡಿಸಿದ್ದಲ್ಲ.
ಅಕ್ಕನ ಮದುವೆಯ ದಿನ, ಧಾರೆ ಮುಗಿದದ್ದೇ,
ಸಾರಿನ ಬಾಲ್ದಿ ಭಾವನ ತಮ್ಮನ ಕೈಗೆ ಕೊಟ್ಟು
ಬೈಕು ಹತ್ತಿ ಹೋದವರು
ಬಂದದ್ದು ಸಂಜೆ ನಾಲ್ಕಕ್ಕೆ.
ಗ್ರೂಪ್ ಫೋಟೋದಲ್ಲಿ ಅವಳ ಪಕ್ಕ
ಒಂದು ಆಳಿನಷ್ಟು ಜಾಗ ಖಾಲಿ.
ಅದನ್ನೇ ದೊಡ್ಡದು ಮಾಡಿಸಿ ಚಾವಡಿಯಲ್ಲಿ ತೂಗುಹಾಕಿದಳು,
ಬೇಕೆಂದೇ,
ಅವರ ಕುರ್ಚಿಯಿಂದ ಕಾಣುವ ಹಾಗೆ.

ಹೋಗಿ ಮೂರು ತಿಂಗಳು.
ಗಂಜಿ ಉಂಡು, ಮಧ್ಯಾಹ್ನದ ನಿದ್ದೆಯಲ್ಲಿ,
ಒಬ್ಬರಿಗೂ ಒಂದು ಬಾಟ್ಲಿಯ ಕೆಲಸ ಕೊಡದೆ.
ಬಂದವರಲ್ಲಿ ಅರ್ಧ ಜನರ ಗುರುತಿಲ್ಲ ನಮಗೆ.
ಇಳಕಲ್ ಸೀರೆಯ ಒಬ್ಬಳು
ಯಾರ ಹತ್ತಿರವೂ ಮಾತಾಡದೆ ಅಂಗಳ ಗುಡಿಸಿ
ಹಿಡಿಸೂಡಿ ಮೂಲೆಗಿಟ್ಟು ಹೋದಳು.
ಫೋನು ಈಗಲೂ ಬರುತ್ತದೆ, ರಾತ್ರಿ ಎರಡಕ್ಕೆ, ಮೂರಕ್ಕೆ.
ಅವರಿಲ್ಲ ಎಂದು ನಾನು ಹೇಳುವ ಮೊದಲೇ
ಆ ಕಡೆಯವರು ಗ್ರೂಪು ಹೇಳಿ ಆಗಿರುತ್ತದೆ.

ನಿನ್ನೆ ಕ್ಯಾಶ್‌ಬ್ಯಾಗಿನ ಒಳಜೇಬಿನಲ್ಲಿ ಡೈರಿ ಸಿಕ್ಕಿತು.
ಸಹಕಾರಿ ಸಂಘದವರು ಕೊಟ್ಟದ್ದು, ಎರಡು ಸಾವಿರದ ಆರರದ್ದು.
ತಾರೀಕು ಲೆಕ್ಕಕ್ಕಿಲ್ಲ. ಪುಟ ಪುಟವೂ ಹೆಸರು, ನಂಬರು,
ಪಕ್ಕದಲ್ಲಿ
ಟಿಕೇಟಿನ ಹಿಂದೆ ಬಾಕಿ ಬರೆಯುವಷ್ಟು ಸಣ್ಣ ಅಕ್ಷರ:

ಐರಿನ್ ಕುಟಿನ್ಹ, ಬಿಜೈ. ಬಿ ನೆಗೆಟಿವ್.
ನಾಯಿ ಉಂಟು, ಗೇಟಿನಲ್ಲೇ ಕರೆಯುವುದು.

ಮೊಯಿದಿನ್‌ಕುಂಞಿ, ದಕ್ಕೆ. ಉಪವಾಸದ ತಿಂಗಳು ಕೇಳಬಾರದು.
ಕೇಳಿದರೆ ಬರುತ್ತಾನೆ, ಅದಕ್ಕೇ ಕೇಳಬಾರದು.

ಲೋಕನಾಥ, ಟೈಲರ್. ಸೂಜಿಗೆ ಹೆದರಿಕೆ.
ಕಬಡ್ಡಿ ವಿಷಯ ತೆಗೆಯುವುದು.

ಪ್ರಜ್ವಲ್, ಕಾಲೇಜು. ಎರಡು ಸಲ ಬರುತ್ತೇನೆಂದು ಬರಲಿಲ್ಲ.
ಸಣ್ಣ ಪ್ರಾಯ. ಇನ್ನೊಮ್ಮೆ ನೋಡುವ.

ಕೆಲವು ಹೆಸರಿನ ಮೇಲೆ ಗೀಟು.
ಸ್ಕೇಲು ಇಟ್ಟು ಎಳೆದದ್ದು, ನೇರ.
ಅಷ್ಟು ಜಾಗ್ರತೆಯಲ್ಲಿ ಅವರು ಬೇರೇನನ್ನೂ ಎಳೆದದ್ದು ನೋಡಿಲ್ಲ.

ಕೊನೆಯ ಪುಟಕ್ಕೆ ಬಂದಾಗ
ಅಪ್ಪೆ ಕಾಯಿ ತುರಿಯುತ್ತಿದ್ದಳು.
ಗಟ್ಟಿಯಾಗಿ ಓದಿದೆ:

ವನಜಾಕ್ಷಿ, ಮನೆ. ಓ ಪಾಸಿಟಿವ್.
ಕೇಳಬಾರದು. ಕೊಟ್ಟದ್ದು ಧಾರಾಳ ಆಯಿತು.

ತುರಿಮಣೆಯ ಸದ್ದು ನಿಂತಿತು.
"ಎಂತ? ಇನ್ನೊಮ್ಮೆ ಓದು."
ಓದಿದೆ.
"ನನ್ನದು ಎ ಪಾಸಿಟಿವ್," ಅಂದಳು.
"ಊರಿನವರದ್ದೆಲ್ಲ ಬಾಯಿಪಾಠ.
ಮೂವತ್ತೆಂಟು ವರ್ಷ ಒಟ್ಟಿಗೆ ಇದ್ದು
ನನ್ನದೊಂದು ತಪ್ಪು. ಪೆನ್ನು ಕೊಡು ಇಲ್ಲಿ."

ಕಾಯಿಹಾಲು ಅಂಟಿದ ಬೆರಳಲ್ಲೇ
ಓ ಹೊಡೆದು ಎ ಬರೆದಳು.
ಕೇಳಬಾರದು ಎಂಬಲ್ಲಿ
ಪೆನ್ನಿನ ಮೊನೆ ಸ್ವಲ್ಪ ಹೊತ್ತು ನಿಂತಿತು,
ಒಂದು ಚುಕ್ಕೆ ದಪ್ಪಗಾಗುವಷ್ಟು.

ಆಮೇಲೆ ತುರಿಮಣೆಗೆ ಹೋದಳು.